ನಗೆಗೆ ಬಿಟ್ಟ ಜಾಗ

ಬಣ್ಣ ಒಣಗುವ ತನಕ ನಗಬಾರದು. ನಮ್ಮ ಮನೆಯಲ್ಲಿ ದೇವರ ಮಾತು ಮೀರಿದವರಿದ್ದಾರೆ, ಹಿರಿಯರ ಮಾತು ಮೀರಿದವರಿದ್ದಾರೆ, ಈ ಒಂದು ಮಾತನ್ನು ಮೀರಿದವರು ಕಡಿಮೆ. ನಾನು ನಾಟಕ ಕಂಪನಿಯಲ್ಲಿ ಪಾತ್ರದವರ ಮುಖಕ್ಕೆ ಬಣ್ಣ ಹಚ್ಚುತ್ತಿದ್ದವನು. ಗದಗಿನ ಜನ ಈಗಲೂ ಬಣ್ಣದ ಈರಪ್ಪ ಎಂದೇ ಕರೆಯುತ್ತಾರೆ. ತಳಕ್ಕೆ ಸಫೇದಾ ಎಂಬ ಬಿಳಿ ಹಚ್ಚಿ, ಮೇಲೆ ಬಣ್ಣ ಕೂಡಿಸಿ, ಪುಡಿ ಹೊಡೆದು ಬಿಟ್ಟ ಮೇಲೆ ರಾಜನಿರಲಿ ರಾಕ್ಷಸನಿರಲಿ ಗೋಡೆ ನೋಡುತ್ತ ಸುಮ್ಮನೆ ಕೂತಿರಬೇಕು. ನಕ್ಕನೋ, ಕೆನ್ನೆ ಬಿರುಕು ಬಿಡುತ್ತದೆ, ನಾನು ಮತ್ತೆ ಮೊದಲಿನಿಂದ ಹಚ್ಚಬೇಕು.

ನನ್ನ ಹೆಂಡತಿ ಅಂಬುಜವ್ವ ಕಂಪನಿಯ ಹಾಸ್ಯದ ಪಾತ್ರ. ಪಕ್ಕದಲ್ಲಿ ಬಣ್ಣ ಒಣಗಿಸುತ್ತ ಕೂತ ರಾಜನ ಕಿವಿಯಲ್ಲಿ ಏನಾದರೂ ಉಸುರಿ, ತಾನು ಮಾತ್ರ ಕಲ್ಲಿನ ಹಾಗೆ ಕೂತಿರುವಳು. ರಾಜನ ಮುಖ ಒಡೆದು ಚೂರಾಗುವುದು. ನಾನು ಆಕೆಯನ್ನು ಬೈದು ಬೈದು, ಬೈಯದಿದ್ದ ದಿನ ಏನೋ ಕಳೆದುಕೊಂಡ ಹಾಗೆ ಆಗತೊಡಗಿದ ಮೇಲೆ ನಮ್ಮ ಮದುವೆಯಾಯಿತು.

ಮೊಮ್ಮಗಳು ಮಂದಾಕಿನಿ ಆ ಬಣ್ಣದ ಕೋಣೆಯಲ್ಲೇ ಬೆಳೆದವಳು. ನಗಿಸುವ ಗುಣ ಆಯಿಯಿಂದ, ಅಂದರೆ ಅಜ್ಜಿ ಅಂಬುಜವ್ವನಿಂದ ಬಂತು. ಹದಿನಾರರ ಸುಮಾರಿಗೆ ಮುಖದ ತುಂಬ ಮೊಡವೆ ಎದ್ದವು. ಎಲ್ಲರಿಗೂ ಏಳುತ್ತವೆ, ಹೋಗುತ್ತವೆ. ಇವಳವು ಹೋಗುವಾಗ ಕುಳಿ ಬಿಟ್ಟು ಹೋದವು. ಎಡಗೆನ್ನೆಯಲ್ಲಿ ಹೆಚ್ಚು. ಅಂದಿನಿಂದ ನಗುವಾಗ ಎಡಗೈ ತಾನಾಗಿ ಮೇಲೆದ್ದು ಕೆನ್ನೆ ಮುಚ್ಚುತ್ತಿತ್ತು. ರಂಗದ ಮೇಲೆ ಬರಲಿಲ್ಲ. ಪರದೆಯ ಹಿಂದೆ ನಿಂತು ಆಕಾಶವಾಣಿಯ ದನಿ, ನಾಯಿಯ ದನಿ, ಅತ್ತೆಯ ದನಿ ಕೊಡುತ್ತಿದ್ದಳು. ಜನ ದನಿಗೇ ನಗುತ್ತಿದ್ದರು. ಮುಖ ಯಾರೂ ನೋಡಿರಲಿಲ್ಲ.

ಮೊದಲಾಗಿದ್ದರೆ ನಾನೇ ಮೇಣ ತುಂಬಿ, ಬಣ್ಣ ಬಳಿದು ಮೇಲೆ ಕಳಿಸಿಬಿಡುತ್ತಿದ್ದೆ. ಆದರೆ ಈಗ ಕಂಪನಿಗಳು ರಂಗದ ನೆತ್ತಿಗೆ ದೊಡ್ಡ ತೆರೆ ಕಟ್ಟುತ್ತವೆ. ಕೊನೆಯ ಬೆಂಚಿನವನಿಗೂ ಪಾತ್ರದವರ ಮುಖ ಗುಡಿಯ ಬಾಗಿಲಿನಷ್ಟು ದೊಡ್ಡದಾಗಿ ಕಾಣುತ್ತದೆ. ಆ ಕ್ಯಾಮರಾದ ಮುಂದೆ ನನ್ನ ಮೇಣ ಮೇಣವಾಗಿಯೇ ಕಾಣುತ್ತದೆ.

ಆ ವರ್ಷ ಅಂಬುಜವ್ವನ ಮೊಣಕಾಲು ಪೂರ್ತಿ ಸೋತವು. ಅಂಗಡಿ ಗೌರಕ್ಕ ಎಂಬ ಪಾತ್ರ ಆಕೆಯದು. ಊರೂರು ಜನ ಅದನ್ನು ನೋಡಲೆಂದೇ ಬರುತ್ತಿದ್ದರು. ಮುಂದಿನ ಕ್ಯಾಂಪಿಗೆ ಆ ಪಾತ್ರ ಯಾರು ಮಾಡಬೇಕು ಎಂದು ಮಾಲಕ ಕೇಳಿದಾಗ ಅಂಬುಜವ್ವ ಮೊಮ್ಮಗಳ ಕಡೆ ಬೆರಳು ಮಾಡಿದಳು. ಮಂದಾಕಿನಿಯ ಎಡಗೈ ಕೆನ್ನೆಗೆ ಹೋಯಿತು.

"ಮುಖ ಸರಿ ಮಾಡ್ಕೊಂಡು ಬರ್ತೀನಿ. ಅಲ್ಲೀತನಕ ಕಾಯ್ತೀರೇನ್ರಿ?" ಎಂದಳು.

ಅದಕ್ಕೂ ಮೊದಲು ಮಾಡದೆ ಬಿಟ್ಟದ್ದೇನೂ ಇರಲಿಲ್ಲ. ಸಣ್ಣ ಸೂಜಿಗಳ ಉರುಳೆ ಆಡಿಸಿದ್ದರು. ಲೇಸರ್ ಹೊಡೆದಿದ್ದರು. ಆಳದ ಕುಳಿಗಳಿಗೆ ಕಡ್ಡಿಯ ತುದಿಯಿಂದ ಆಮ್ಲದ ಹನಿ ಇಟ್ಟಿದ್ದರು. ಒಂದೊಂದರಿಂದಲೂ ಒಂದಿಷ್ಟು ತುಂಬಿತು, ಒಂದಿಷ್ಟು ಉಳಿಯಿತು. ಹುಬ್ಬಳ್ಳಿಯ ಚರ್ಮದ ಆಸ್ಪತ್ರೆಯಲ್ಲಿ ಹೊಸದೊಂದು ಬಂದಿದೆ ಎಂದು ಗೊತ್ತಾಗಿ ನಾವು ನಾಲ್ವರೂ ಹೊರಟೆವು: ನಾನು, ಅಂಬುಜವ್ವ, ನಮ್ಮ ಮಗಳು ಕಸ್ತೂರಿ, ಕಸ್ತೂರಿಯ ಮಗಳು ಮಂದಾಕಿನಿ.

ಅಲ್ಲಿಯ ಡಾಕ್ಟರು ರೇಹಾನಾ ಮುಲ್ಲಾ ಎಂಬ ಹೆಣ್ಣುಮಗಳು. ತನ್ನ ಕರವಸ್ತ್ರವನ್ನು ಮೇಜಿನ ಮೇಲೆ ಹರವಿ, ಕೆಳಗಿನಿಂದ ಒಂದು ಕಡೆ ಚಿವುಟಿ ಎಳೆದು ಹಿಡಿದರು. ಮೇಲೆ ತಗ್ಗು ಬಿತ್ತು.

"ತಗ್ಗು ಮ್ಯಾಲೆ ಕಾಣ್ತದ ಅಜ್ಜಾರ, ಎಳದವರು ಕೆಳಗ ಅದಾರ. ತಳದಾಗ ಬಿಗದ ಎಳಿ ಇರ್ತಾವ. ಮ್ಯಾಲೆ ಎಷ್ಟ ತಿಕ್ಕಿದ್ರೇನು? ಮೊದಲ ಸೂಜಿ ಹಾಕಿ ಆ ಎಳಿ ಬಿಡಸ್ತೀವಿ. ಇದು ಹಳೇದ. ಹೊಸಾದು ಇದು." ಒಂದು ಗಾಜಿನ ತಟ್ಟೆ ಮುಂದಿಟ್ಟರು. ಅದರಲ್ಲಿ ನೀರಿನಲ್ಲಿ ತೇಲುತ್ತಿದ್ದದ್ದು ಉಳ್ಳಾಗಡ್ಡಿಯ ಒಳಪೊರೆಯಂಥ ತೆಳ್ಳನೆಯ ಹಾಳೆ.

"ಮೊಡವಿ ಮಾಯೂ ಮುಂದ ಚರ್ಮ ಗಡಿಬಿಡಿ ಮಾಡ್ತದ. ಎಳಿ ಎಲ್ಲಾ ಒಂದ ಕಡೆ ಹಾಸಿ ಕೈ ತೊಳಕೊಂಡಬಿಡ್ತದ. ಚೊಲೊ ಚರ್ಮ ಹಂಗಿರೂದಿಲ್ಲ, ಚಾಪಿ ಹೆಣದಂಗ ಅಡ್ಡ ಉದ್ದ ಇರ್ತದ. ಈ ಪೊರಿ ಕೆನ್ನಿ ಮ್ಯಾಲೆ ಕುಂತು, ಒಳಗಿನ ಕೋಶಕ್ಕ ಮೆಲ್ಲಕ ತಟ್ಟಿ ತಟ್ಟಿ ಹೇಳ್ತದ, ಹಿಂಗ ಹೆಣಿ, ಹಂಗ ಹೆಣಿ ಅಂತ."

"ನಮ್ಮ ಮಾಲಕನೂ ಹಾಡಿನವರಿಗೆ ಹಂಗ ತಟ್ಟಿ ತಟ್ಟಿ ಹೇಳತಿದ್ದ," ಎಂದಳು ಅಂಬುಜವ್ವ. "ಒಬ್ಬರೂ ಕೇಳತಿರಲಿಲ್ಲ."

"ಇವು ಕೇಳ್ತಾವ ಆಯಿ. ಆದ್ರ ಸಾವಕಾಶ. ಮೂರು ತಿಂಗಳು ಬೇಕು."

ಪೊರೆಯ ತುದಿಯಲ್ಲಿ, ದವಡೆಯ ಹತ್ತಿರ, ಎಳ್ಳುಕಾಳಿನಷ್ಟು ಒಂದು ದೀಪ. ಹಸಿರು ಇದ್ದಾಗ ಪೊರೆ ಕೆಲಸ ಮಾಡುತ್ತಿರುತ್ತದೆ, ಆಗ ಮುಖ ಆಡಿಸುವ ಹಾಗಿಲ್ಲ. ದಿನದಲ್ಲಿ ಆಗಾಗ ಹಳದಿಯಾಗುತ್ತದೆ, ಅದು ಬಿಡುವಿನ ಹೊತ್ತು.

"ಹಳದಿ ಇದ್ದಾಗ ಉಣ್ಣು, ಮಾತಾಡು. ನಕ್ಕರೂ ನಡೀತದ," ಎಂದರು ಡಾಕ್ಟರು.

"ನಗದಿದ್ರ?" ಎಂದಳು ಮಂದಾಕಿನಿ.

"ನಗದಿದ್ರ ಏನಾಗೂದೈತಿ? ಇನ್ನೂ ಚೊಲೊನ ಆತು."

ಒಳಗಡೆ ಒಂದು ಕೋಣೆ ತೋರಿಸಿದರು. ಗೋಡೆಯ ತುಂಬ ತೆರೆಗಳು. ಒಂದೊಂದರಲ್ಲೂ ಒಂದೊಂದು ಮುಖದ ನಕಾಶೆ. ಕಣ್ಣಿಲ್ಲ, ಮೂಗಿಲ್ಲ, ಹೊಲದ ಸಾಲಿನ ಹಾಗೆ ಬರೀ ಗೆರೆ. ಕೆಳಗೆ ಊರಿನ ಹೆಸರು. ಅವುಗಳ ಮುಂದೆ ಸ್ಯಾಮ್ಯುವೆಲ್ ಎಂಬ ನಡುವಯಸ್ಸಿನವರು ಚಹಾ ಕುಡಿಯುತ್ತ ಕೂತಿದ್ದರು. ಬೇಕಾದರೆ ಯಾವ ಊರಿನ ದೀಪವನ್ನೂ ಅಲ್ಲಿಂದಲೇ ತಿರುಗಿಸುವ ಗುಂಡಿಗಳು ಅವರ ಕೈಯಳತೆಯಲ್ಲಿದ್ದವು. ಯಾರ ಮನೆಯಲ್ಲಿ ಯಾರ ಕೆನ್ನೆ ಅಲುಗಿದರೂ ಅಲ್ಲಿ ಗೆರೆ ಅಲೆಯಾಡುತ್ತಿತ್ತು. ನಾವು ನೋಡುತ್ತಿದ್ದ ಹಾಗೆಯೇ ಒಂದು ನಕಾಶೆ ಪೂರ್ತಿ ಕದಡಿ ಮತ್ತೆ ಸರಿಯಾಯಿತು.

"ವಿಜಾಪುರದವರು ಸೀನಿದರು," ಎಂದರು ಸ್ಯಾಮ್ಯುವೆಲ್, ಕಪ್ಪು ಕೆಳಗಿಡದೆ.

ಅಂದು ಸೂಜಿ ಹಾಕಿ ಎಳೆ ಬಿಡಿಸಿದರು. ಎರಡೂ ಕೆನ್ನೆಗೆ ಪೊರೆ ಕೂಡಿಸಿದರು. ಹಸಿಹಸಿಯಾಗಿ ಹೊಳೆಯುತ್ತಿದ್ದ ಆ ಮುಖ ನೋಡಿದ್ದೇ ನಾವು ಮೂವರೂ ಒಂದೇ ಸಲಕ್ಕೆ ಬಾಯಿಬಿಟ್ಟೆವು: "ನಗಬ್ಯಾಡ."

ಡಾಕ್ಟರು ಹೇಳಿದ್ದು ಹಸಿರು, ಹಳದಿ. ನಮ್ಮ ಮನೆಗೆ ಬಂದ ಮೇಲೆ ಅದು ಬಣ್ಣದ ಕೋಣೆಯ ಕಾನೂನಾಯಿತು. ಪೊರೆ ಮುಟ್ಟಿದರೆ ಹಸಿಯೇ ಇತ್ತು. ಹಸಿ ಇದೆ ಎಂದ ಮೇಲೆ ಒಣಗಿಲ್ಲ, ಒಣಗಿಲ್ಲ ಎಂದ ಮೇಲೆ ನಗುವುದು ಎಲ್ಲಿಯದು? ನಮಗೆ ಇದರಲ್ಲಿ ವಿಚಾರ ಮಾಡುವಂಥದ್ದೇನೂ ಕಾಣಲಿಲ್ಲ. ಮಂದಾಕಿನಿಗೆ ಅಂತೂ ಕಾಣಲೇ ಇಲ್ಲ. "ನಕ್ಕರೂ ನಡೀತದ ಅಂದಾರ. ನಗಲಾರದನೂ ನಡೀತದಲ್ಲ," ಎಂದು ತುಟಿ ಅಲುಗಿಸದೆ ಹೇಳಿದಳು.

ರೊಟ್ಟಿ ಅಗಿಯಬಾರದೆಂದು ಕಸ್ತೂರಿ ಮಗಳಿಗೆ ಗಂಜಿ, ಮಜ್ಜಿಗೆಯಲ್ಲಿ ಕಲಸಿದ ನುಚ್ಚು ಮಾಡಿಕೊಡುತ್ತಿದ್ದಳು. ರೇಡಿಯೋ ಬಂದಾಯಿತು. ಓಣಿಯವರು ಕಟ್ಟೆಯ ಮೇಲೆ ಹರಟೆಗೆ ಬಂದರೆ ನಾನು ಬೇರೆ ಕಡೆ ಕರೆದುಕೊಂಡು ಹೋಗುತ್ತಿದ್ದೆ. ಅಂಬುಜವ್ವನದೇ ತೊಂದರೆ. ಆಕೆ ನೀರು ಕೊಡು ಎಂದರೂ ನಗು ಬರುತ್ತದೆ. ಅದಕ್ಕೇ ಮೊಮ್ಮಗಳ ಎದುರಿಗೆ ಬಂದಾಗೆಲ್ಲ ಸ್ಮಶಾನದ ಸೀನಿನ ಮುಖ ಮಾಡಿಕೊಂಡು ಬರತೊಡಗಿದಳು. ಅದನ್ನು ನೋಡಿ ಕಸ್ತೂರಿಗೇ ನಗು ತಡೆಯಲಿಲ್ಲ.

"ಅವ್ವಾ, ನೀ ಹಿತ್ತಲ ಕೋಲಿಯಾಗ ಇರು. ನಿನ್ನ ದುಃಖ ನೋಡಾಕ ಆಗವಲ್ತು."

"ಹುಟ್ಟಿದಾಗಿಂದ ನಗಿಸಿ ಸಾಕೀನಿ. ಈಗ ನನ್ನ ಕೋಲಿಯಾಗ ಹಾಕ್ತೀ?"

"ಮೂರು ತಿಂಗಳು ಅಷ್ಟ."

ಅಂಬುಜವ್ವ ತಾನಾಗಿಯೇ ಹಾಸಿಗೆ ಸುತ್ತಿಕೊಂಡು ಹಿಂದಿನ ಕೋಣೆಗೆ ಹೋದಳು. ಸಂಜೆ ಅಲ್ಲಿಂದ ಆಕೆ ಗೋಡೆಗೆ ಏನೋ ಹೇಳಿಕೊಳ್ಳುತ್ತಿರುವುದು ಕೇಳುತ್ತಿತ್ತು. ಮಂದಾಕಿನಿ ಈ ಕಡೆ ಗೋಡೆಗೆ ಬೆನ್ನು ಹಚ್ಚಿ ಕೂತಿರುತ್ತಿದ್ದಳು. ಮುಖ ಅಲುಗುತ್ತಿರಲಿಲ್ಲ. ಭುಜ ಮಾತ್ರ ಒಮ್ಮೊಮ್ಮೆ ಕುಲುಕುತ್ತಿತ್ತು. ಬರಬರುತ್ತ ಅದೂ ನಿಂತಿತು.

ಪ್ರತಿ ಸಲ ಹುಬ್ಬಳ್ಳಿಗೆ ತೋರಿಸಲು ಹೋದಾಗ ಸ್ಯಾಮ್ಯುವೆಲ್ ಎದ್ದು ನಿಂತು ಮಾತಾಡಿಸುತ್ತಿದ್ದರು. ಗದಗಿನ ತೆರೆಯಲ್ಲಿ ಗೆರೆ ಒಂದೂ ಅಲುಗಿರಲಿಲ್ಲ. ಕೆರೆಯ ನೀರು ನಿಂತ ಹಾಗಿತ್ತು. "ಉಳದವರಿಗೆ ಇದನ್ನ ತೋರಸ್ತೀನಿ. ಹಿಂಗಿರಬೇಕು ನೋಡ್ರಿ ಅಂತೀನಿ," ಎನ್ನುತ್ತಿದ್ದರು. ಕುಳಿಗಳು ತುಂಬುತ್ತಿದ್ದವು. ಬೆಳಗಿನ ಬಿಸಿಲು ಕಿಟಕಿಯಿಂದ ಓರೆಯಾಗಿ ಬಿದ್ದಾಗ ನಾನು ನೋಡುತ್ತಿದ್ದೆ. ಮೊದಲು ಆ ಬಿಸಿಲಿಗೆ ಕೆನ್ನೆಯ ಮೇಲೆ ನೆರಳಿನ ಚುಕ್ಕೆಗಳು ಬೀಳುತ್ತಿದ್ದವು. ಒಂದೊಂದಾಗಿ ಕಾಣದಾದವು. ಅಷ್ಟು ಮುಖಗಳ ಮೇಲೆ ಕೈಯಾಡಿಸಿದ ನನಗೆ ಅಂಥ ಕೆನ್ನೆ ನೋಡಿದ ನೆನಪಿರಲಿಲ್ಲ.

ಪೊರೆ ತೆಗೆಯಲು ಇನ್ನೊಂದು ವಾರ ಇದೆ ಎನ್ನುವಾಗ ಕೊನೆಯ ಪರೀಕ್ಷೆಗೆ ಹೋದೆವು. ಅಂಬುಜವ್ವನನ್ನು ಮನೆಯಲ್ಲೇ ಬಿಟ್ಟಿದ್ದೆವು. ದೀಪ ಹಳದಿ ಇತ್ತು. ಡಾಕ್ಟರು ಕೆನ್ನೆ ನೋಡಿ ಹಿಗ್ಗಿದರು.

"ಎಲ್ಲಿ, ಒಮ್ಮೆ ನಗು ನೋಡೂಣು."

ಮಂದಾಕಿನಿ ನಕ್ಕಳು. ಕಣ್ಣು ನಕ್ಕವು. ಬಾಯಿಯ ಎಡತುದಿ ಅರ್ಧಕ್ಕೆ ಎದ್ದು ಅಲ್ಲೇ ನಿಂತಿತು. ಕೆನ್ನೆ, ಬಿಗಿಯಾಗಿ ಹೊಲಿದ ಕುಪ್ಪಸದ ತೋಳಿನ ಹಾಗೆ, ಮೇಲೇಳಲಿಲ್ಲ.

"ಇನ್ನೊಮ್ಮೆ."

ಇನ್ನೊಮ್ಮೆಯೂ ಅಷ್ಟೇ. ಡಾಕ್ಟರ ಮುಖದ ಹಿಗ್ಗು ಇಳಿಯಿತು. ಎದ್ದು ತೆರೆಗಳ ಕೋಣೆಗೆ ಹೋದರು. ನಾವೂ ಹಿಂದೆ ಹೋದೆವು. ಅವರು, ಸ್ಯಾಮ್ಯುವೆಲ್ ಇಬ್ಬರೂ ಗದಗಿನ ನಕಾಶೆಯನ್ನು ದೊಡ್ಡದು ಮಾಡಿ ಬಹಳ ಹೊತ್ತು ನೋಡಿದರು.

"ಹಳದಿ ಇದ್ದಾಗರ ನಗತಿದ್ದಿಲ್ಲೊ?"

"ಇಲ್ರಿ," ಎಂದಳು ಮಂದಾಕಿನಿ.

"ಒಮ್ಮೆನೂ?"

"ಒಣಗಿರಲಿಲ್ಲಲ್ರಿ," ಎಂದೆ ನಾನು.

ಡಾಕ್ಟರು ನನ್ನನ್ನು ನೋಡಿದರು. ಬೈಯಲಿಲ್ಲ. ಕುರ್ಚಿ ಎಳೆದು ನಮ್ಮೆದುರು ಕೂತರು. "ತಪ್ಪು ನಂದೂ ಅದ. ನಗದಿದ್ರ ಏನಾಗೂದೈತಿ ಅಂದಾಕಿ ನಾನ. ಉಳದವರು ಎಲ್ಲಾರೂ ಹಳದಿ ಇದ್ದಾಗ ನಕ್ಕಾರ, ಜಗಳಾಡ್ಯಾರ, ಅತ್ತಾರ. ಚರ್ಮ ಅದನ್ನ ನೋಡಿ ನೋಡಿ, ಅಷ್ಟಷ್ಟ ಸಡ್ಲ ಬಿಟ್ಟು ಹೆಣಕೊಂಡದ. ಇದು ನಮಗ ಗೊತ್ತಿರಲಿಲ್ಲ. ಇವಳ ಚರ್ಮ ನಗೂ ಮುಖಾನ ನೋಡಿಲ್ಲ. ನಗಿಗೆ ಜಾಗ ಬಿಟ್ಟಿಲ್ಲ."

ಕಸ್ತೂರಿ ಸೆರಗು ಬಾಯಿಗೆ ಒತ್ತಿಕೊಂಡಳು. "ಮುಂದ?"

"ಎರಡು ದಾರಿ ಅದಾವ. ಹಿಂಗ ಬಿಟ್ರ ಕೆನ್ನಿ ಇಷ್ಟ ನುಣ್ಣಗ ಇರ್ತದ. ನಗಿ ಬಿಗಿ ಉಳೀತದ. ವರ್ಷ ಹೋದಂಗ ಸಡ್ಲ ಆದೀತು, ಆಗದನೂ ಇದ್ದೀತು. ಇಲ್ಲಾ, ಎಳಿ ಇನ್ನೂ ಹಸೀವ ಅದಾವ, ಈ ಒಂದ ವಾರ ಹಳದಿ ಇದ್ದಾಗ ಮನಸಾರೆ ನಗಬೇಕು. ಬರೇ ಬಾಯಿ ಅಗಲಿಸಿದ್ರ ಆಗೂದಿಲ್ಲ, ಕೆನ್ನಿ ಪೂರಾ ಏಳೂದಿಲ್ಲ. ಒಳಗಿಂದ ಬರಬೇಕು. ಆದ್ರ..." ಮಂದಾಕಿನಿಯ ಕೈ ಹಿಡಿದರು. "ಹಂಗ ನಕ್ಕರ ಒಂದಿಷ್ಟು ಕುಳಿ ತಿರುಗಿ ಕೂಡಬಹುದು. ಎಷ್ಟು, ಯಾವು, ನಾ ಹೇಳಲಾರೆ. ಮತ್ತೊಮ್ಮೆ ಪೊರಿ ಹಾಕಾಕ ಬರೂದಿಲ್ಲ, ಒಂದ ಕೆನ್ನಿಗೆ ಒಂದ ಸಲ."

ಗದಗಿಗೆ ಬರುವ ರೈಲಿನಲ್ಲಿ ಮಂದಾಕಿನಿ ಕಿಟಕಿಯ ಗಾಜಿನಲ್ಲಿ ತನ್ನ ಮುಖ ನೋಡುತ್ತ ಕೂತಿದ್ದಳು. ಅಣ್ಣಿಗೇರಿ ದಾಟಿದ ಮೇಲೆ ಹೇಳಿದಳು:

"ಅಜ್ಜಾ, ಎಷ್ಟ ಚಂದ ಆಗೈತಲ್ಲ."

"ಹೌದವ್ವ."

"ಇದನ್ನ ಕೆಡಿಸಬೇಕನು?"

ಹತ್ತು ವರ್ಷ ಕೈಯಿಂದ ಮುಚ್ಚಿದ ಕೆನ್ನೆ. ಅದನ್ನು ಕೆಡಿಸು ಎಂದು ಯಾವ ಬಾಯಿಂದ ಹೇಳುವುದು? ಆಕೆಯ ತಲೆ ನೇವರಿಸಿದೆ.

ಮರುದಿನ ಹಳದಿ ದೀಪ ಬಂದಾಗ ಕನ್ನಡಿಯ ಮುಂದೆ ನಿಂತು ಅಂಗಡಿ ಗೌರಕ್ಕನ ಮಾತು ಹೇಳಿ ನೋಡಿದಳು. ಗೌರಕ್ಕ ಕಡ ಕೇಳಲು ಬಂದವನಿಗೆ ಇಲ್ಲ ಎನ್ನುವುದಿಲ್ಲ. ಮೂಗು, ಕೆನ್ನೆ, ಹುಬ್ಬು ಒಂದಾದ ಮೇಲೊಂದು ಅವನನ್ನು ಹೊರಗೆ ಹಾಕುತ್ತವೆ. ಮಾತು ಬಂತು. ಹುಬ್ಬೂ ಬಂತು. ಕೆನ್ನೆ ಬರಲಿಲ್ಲ. ಮತ್ತೆ ಹೇಳಿದಳು. ಮತ್ತೆ ಬರಲಿಲ್ಲ. ಕನ್ನಡಿಯನ್ನು ಗೋಡೆಯ ಕಡೆ ತಿರುಗಿಸಿ ಇಟ್ಟು, ನೆಟ್ಟಗೆ ಹಿಂದಿನ ಕೋಣೆಗೆ ಹೋದಳು.

"ಆಯಿ, ಹೊರಗ ಬಾ. ನನ್ನ ನಗಸು."

ಅಂಬುಜವ್ವನಿಗೆ ಅಷ್ಟೇ ಬೇಕಾಗಿತ್ತು. ಸೋತ ಮೊಣಕಾಲು ಮರೆತು ಎದ್ದು ಬಂದಳು. ಮೂರು ತಿಂಗಳಿನಿಂದ ಗೋಡೆಗೆ ಹೇಳಿದ್ದನ್ನೆಲ್ಲ ಹೇಳಿದಳು. ನಾನು ಸೂಜಿಗೆ ದಾರ ಪೋಣಿಸುವ ರೀತಿ ಮಾಡಿ ತೋರಿಸಿದಳು. ಹೆಗಲಿಗೆ ಪಂಚೆ ಹಾಕಿಕೊಂಡು ಮಾಲಕನ ಹಾಗೆ ನಡೆದಳು. ಸೀನು ಬಂದು ಬಾರದೆ ಒದ್ದಾಡುವ ವಿಜಾಪುರದವರನ್ನೂ ಮಾಡಿದಳು. ಮಂದಾಕಿನಿ ನಗಲು ನೋಡಿದಳು. ಹ್ಞಾಂ ಹ್ಞಾಂ ಎಂದು ಸಪ್ಪಳ ಬಂತು.

ಅಂಬುಜವ್ವ ನಡುಮನೆಯಲ್ಲಿ ನಿಂತುಬಿಟ್ಟಳು. "ಪುಕ್ಕಟೆ ಪಾಸ್ ತಗೊಂಡು ಬಂದವರು ನಗ್ತಾರಲ್ಲ, ಹಂಗ ನಗ್ತಿ," ಎಂದಳು.

"ಇಲ್ಲ ಆಯಿ, ನಿಜವಾಗ್ಲೂ..."

"ನನಗ ಹೇಳ್ತಿಯೇನ? ನಾ ಟಿಕೀಟಿನವರ ನಗಿ ಬಲ್ಲೆ, ಪಾಸಿನವರ ನಗಿ ಬಲ್ಲೆ."

ಎರಡನೆಯ ದಿನವೂ ಹಾಗೇ ಆಯಿತು. ಹಳದಿ ಬರುವುದು, ಅಂಬುಜವ್ವ ಕುಣಿಯುವುದು, ಹುಡುಗಿ ಹ್ಞಾಂ ಎನ್ನುವುದು, ಹಸಿರು ಬರುವುದು. ನಕ್ಕೇ ತೀರಬೇಕು ಎಂದು ಕೂತವರಿಗೆ ನಗು ಎಲ್ಲಿಂದ ಬರಬೇಕು? ಸಂಜೆ ಅಂಬುಜವ್ವ ಒಂದು ಮಾತನ್ನು ಅರ್ಧಕ್ಕೆ ಬಿಟ್ಟಳು. "ನನ್ನ ಕೆಲಸ ಮುಗೀತು ಕಾಣ್ತೈತಿ," ಎಂದು ಕೋಣೆಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದಳು. ಊಟಕ್ಕೆ ಕರೆದರೆ ಏಳಲಿಲ್ಲ. ಬೆಳಗಾದರೂ ಏಳಲಿಲ್ಲ. ಇಷ್ಟು ವರ್ಷದ ಸಂಸಾರದಲ್ಲಿ ಆಕೆ ನಗಿಸಲಾಗದೆ ಸೋತದ್ದನ್ನು ನಾನು ನೋಡಿರಲಿಲ್ಲ.

ಕಸ್ತೂರಿ ಆ ದಿನ ಒಲೆ ಹಚ್ಚಲಿಲ್ಲ. ಹೊಸ್ತಿಲಲ್ಲಿ ಕೂತು ಒಂದೇ ಸಮನೆ ಕಣ್ಣೊರೆಸಿಕೊಂಡಳು. ನಾನು ಕಟ್ಟೆಯ ಮೇಲೆ ತಲೆಯ ಮೇಲೆ ಕೈ ಹೊತ್ತು ಕೂತೆ. ನಮ್ಮ ಓಣಿಯಲ್ಲಿ ಬೆಳಗಾಗುವುದು ಮನೆಮನೆಯ ರೊಟ್ಟಿ ಬಡಿಯುವ ಸಪ್ಪಳದಿಂದ. ಅಂದು ನಮ್ಮ ಮನೆಯಿಂದ ಸಪ್ಪಳ ಬರಲಿಲ್ಲ. ಮೂರು ತಿಂಗಳಿನಿಂದ ಅಂಬುಜವ್ವನ ದನಿ ಓಣಿಯಲ್ಲಿ ಯಾರೂ ಸರಿಯಾಗಿ ಕೇಳಿರಲಿಲ್ಲ, ಮುಖವನ್ನೂ ಯಾರೂ ಸರಿಯಾಗಿ ಕಂಡಿರಲಿಲ್ಲ. ಪಕ್ಕದ ಮನೆಯ ಫಕೀರವ್ವ ಬಾಗಿಲಿಗೆ ಬಂದು ಕಸ್ತೂರಿಯ ಕಣ್ಣು ನೋಡಿದಳು, ನನ್ನನ್ನು ನೋಡಿದಳು, ಒಲೆಯ ಕಡೆ ನೋಡಿದಳು, ಏನೂ ಕೇಳದೆ ತಿರುಗಿ ಹೋದಳು.

ಸ್ವಲ್ಪ ಹೊತ್ತಿಗೆ ಓಣಿಯ ಹೆಂಗಸರೆಲ್ಲ ಬಂದರು. ಒಲೆ ಹೊತ್ತದ ಮನೆಗೆ ತರುವ ಹಾಗೆ ಮುಚ್ಚಿದ ಪಾತ್ರೆಯಲ್ಲಿ ಅನ್ನ, ಬ್ಯಾಳಿ ತಂದಿದ್ದರು. ಒಬ್ಬಳ ಕೈಯಲ್ಲಿ ಚೆಂಡುಹೂವಿನ ಮಾಲೆ. ನಾನು ಬಾಯಿ ತೆರೆಯುವಷ್ಟರಲ್ಲಿ ಒಳಗೆ ನುಗ್ಗಿ ನಡುಮನೆಯಲ್ಲಿ ಕೂತು ಕಸ್ತೂರಿಯನ್ನು ತಬ್ಬಿಕೊಂಡರು. ಫಕೀರವ್ವ ಎದೆಗೆ ಕೈ ಹಚ್ಚಿ ಹಾಡ್ಯಾಡಿಕೊಂಡು ಅಳಲು ಶುರುಮಾಡಿದಳು. ನಮ್ಮ ಕಡೆ ಸತ್ತವರ ಗುಣ ಎಣಿಸುತ್ತ, ರಾಗ ಎಳೆದು ಅಳುತ್ತಾರೆ. ಒಮ್ಮೆ ಶುರುವಾದ ಮೇಲೆ ನಡುವೆ ತಡೆಯಲು ಆಗುವುದಿಲ್ಲ.

"ನನ್ನ ಅಂಬುಜಕ್ಕಾ, ಓಣಿಗೆಲ್ಲಾ ನಗಿ ಹಂಚಿದಾಕೀ, ಹೇಳದ ಕೇಳದ ಹೊಂಟೆಲ್ಲವ್ವಾ..."

ಮಂದಾಕಿನಿ ಮೂಲೆಯಲ್ಲಿ ಕೂತಿದ್ದಳು. ಅವಳ ದವಡೆಯ ಹತ್ತಿರದ ದೀಪ ನೋಡಿದೆ. ಹಸಿರು. ಅವಳ ಕಣ್ಣು ಅಗಲವಾಗಿದ್ದವು.

"ಸಂಕ್ರಾಂತಿಗೆ ನನ್ನ ಹಿತ್ತಾಳಿ ನೀರಿನ ಜಾರಿ ಒಯ್ದಾಕೀ, ಇನ್ನ ಅದನ್ನ ಯಾರ್ನ ಕೇಳಲೆವ್ವಾ..."

ಒಳಗಿನ ಕೋಣೆಯಿಂದ, ಅದೇ ರಾಗದಲ್ಲಿ, ಅಷ್ಟೇ ದುಃಖದಿಂದ ಉತ್ತರ ಬಂತು:

"ಒಲಿ ಮ್ಯಾಲಿನ ಅಟ್ಟದಾಗ ಐತೆವ್ವಾ ಫಕೀರವ್ವಾ, ಹಿಡಿಕಿ ಮುರದೈತೆವ್ವಾ..."

ಫಕೀರವ್ವ ಅಳುವಿನ ಓಟದಲ್ಲಿದ್ದಳು. ಕಣ್ಣು ಮುಚ್ಚಿಯೇ ಮುಂದುವರಿಸಿದಳು:

"ಮುರದ್ರ ಮುರೀಲೆವ್ವಾ, ನೀ ಒಬ್ಬಾಕಿ ಇದ್ದಿದ್ರ ಸಾಕಾಗಿತ್ತೆವ್ವಾ..."

ಆಮೇಲೆ ನಿಲ್ಲಿಸಿದಳು. ಕಣ್ಣು ತೆರೆದಳು. ನಡುಮನೆಯ ತುಂಬ ಹೆಂಗಸರು ಕೋಣೆಯ ಕಡೆ ತಿರುಗಿದರು. ಕೋಣೆಯ ಬಾಗಿಲಲ್ಲಿ ಅಂಬುಜವ್ವ ಕೂದಲು ಕೆದರಿಕೊಂಡು, ಕಂಬಳಿ ಹೊದ್ದು, ಚೌಕಟ್ಟು ಹಿಡಿದು ನಿಂತಿದ್ದಳು.

"ನಾ ಚೊಲೊದಾಕಿ ಅಂತ ಹೇಳಾಕತ್ತಿದ್ದಿ. ನಡುವ ಜಾರಿ ಯಾಕ ತಂದಿ?" ಎಂದಳು.

ಮಂದಾಕಿನಿಯ ಭುಜ ಕುಲುಕಿತು. ತುಟಿ ಬಿಗಿ ಹಿಡಿದಳು. ನಾನು ಓಡಿದೆ. "ಹಸಿರೈತಿ, ಹಸಿರೈತಿ," ಎಂದು ಹೇಳುತ್ತಲೇ ಇದ್ದೆ. ಅವಳ ಕಣ್ಣಿನಲ್ಲಿ ನೀರು ಬಂತು. ತಡೆಯಲು ಅವಳಿಂದ ಆಗುತ್ತಿರಲಿಲ್ಲ, ನನ್ನಿಂದ ತಡೆಯುವುದೂ ಆಗುತ್ತಿರಲಿಲ್ಲ.

ಅತ್ತ ಹುಬ್ಬಳ್ಳಿಯಲ್ಲಿ ಆದದ್ದನ್ನು ಸ್ಯಾಮ್ಯುವೆಲ್ ಆಮೇಲೆ ನನಗೆ ಹೇಳಿದರು. ಮೂರು ತಿಂಗಳು ಕೆರೆಯ ಹಾಗಿದ್ದ ಗದಗಿನ ತೆರೆಯಲ್ಲಿ ತುಟಿಯ ಎರಡೂ ಬದಿಯಿಂದ ಸಣ್ಣ ಅಲೆ ಎದ್ದಿತು. ಯಂತ್ರ ಕೆಟ್ಟಿತೋ ಎಂದು ಕಪ್ಪು ಕೆಳಗಿಟ್ಟರು. ಅಲೆ ಬೆಳೆಯಿತು. ಸೀನಲ್ಲ, ಅಳುವಲ್ಲ, ಅವರು ದಿನವೆಲ್ಲ ನೋಡುವವರು, ಗುರುತು ಹತ್ತಿತು. ಡಾಕ್ಟರನ್ನು ಕರೆಯಲು ಹೊತ್ತಿರಲಿಲ್ಲ. ಕೈಚಾಚಿ ಗದಗಿನ ದೀಪವನ್ನು ತಾವೇ ಹಳದಿಗೆ ತಿರುಗಿಸಿದರು.

ನನ್ನ ಕಣ್ಣೆದುರಿಗೇ ಎಳ್ಳುಕಾಳು ಹಳದಿಯಾಯಿತು.

"ನಗವ್ವ," ಎಂದೆ.

ಅವಳು ನಕ್ಕಳು. ಮೊದಲು ಕೆನ್ನೆ ಏಳಲಿಲ್ಲ, ನೋವಾಗಿರಬೇಕು, ಒಮ್ಮೆ ಹಾ ಎಂದಳು. ಆಮೇಲೆ ಎಡಗೆನ್ನೆ ಎದ್ದಿತು, ಬಲಗೆನ್ನೆ ಎದ್ದಿತು. ಎಡಗೈ ರೂಢಿಯ ಹಾಗೆ ಮೇಲೆ ಬಂತು. ಪೊರೆ ಮುಟ್ಟಬಾರದಲ್ಲ, ನಡುವೆಯೇ ನಿಂತಿತು. ಆ ಕೈಯನ್ನು ಫಕೀರವ್ವ ಹಿಡಿದುಕೊಂಡಳು, ಯಾಕೆಂದರೆ ಅಷ್ಟು ಹೊತ್ತಿಗೆ ಅವಳೂ ನಗುತ್ತಿದ್ದಳು, ಹಿಡಿಯಲು ಏನಾದರೂ ಬೇಕಾಗಿತ್ತು. ಅಂಬುಜವ್ವ ನಡುಮನೆಗೆ ಬಂದು ತಂದ ಮಾಲೆ ಹಾಳಾಗಬಾರದೆಂದು ತಾನೇ ಕೊರಳಿಗೆ ಹಾಕಿಕೊಂಡು ಕೂತಳು. "ಹ್ಞಾಂ, ಮುಂದ ಹೇಳು. ನನ್ನ ಗುಣ ಎಲ್ಲಿಗೆ ಬಂದಿತ್ತು?" ಎಂದಳು. ಹೊರಗೆ ಗಂಡಸರು ಚಟ್ಟಕ್ಕೆ ಬಿದಿರು ತರಬೇಕೋ ಬೇಡವೋ ಎಂದು ಕಟ್ಟೆಯ ಮೇಲೆ ನಿಂತಿದ್ದರು.

ಹುಬ್ಬಳ್ಳಿಯಲ್ಲಿ ಡಾಕ್ಟರು ಬಂದು ಸ್ಯಾಮ್ಯುವೆಲ್ಲರ ಹಿಂದೆ ನಿಂತಿದ್ದರಂತೆ. ಹಸಿರಿಗೆ ಹಾಕಲೇ ಎಂದು ಇವರು ಕೇಳಿದರು. "ಮುಟ್ಟಬ್ಯಾಡ್ರಿ. ಅವರು ಮುಗಿಸಲಿ," ಎಂದರಂತೆ ಅವರು.

ಆ ವಾರ ಓಣಿಯವರು ನಮ್ಮ ಮನೆ ಬಿಟ್ಟು ಹೋಗಲಿಲ್ಲ. ಬದುಕಿದ್ದವಳಿಗಾಗಿ ಅತ್ತರೆ ಆಯುಷ್ಯ ಹೆಚ್ಚುತ್ತದೆ ಎಂದು ಹೇಳಿ ಅಂಬುಜವ್ವ ಓಣಿಯ ದ್ಯಾವಕ್ಕನ ಕೈಲೊಮ್ಮೆ, ಚನ್ನವ್ವನ ಕೈಲೊಮ್ಮೆ ಅಳಿಸಿಕೊಂಡಳು. ತಪ್ಪಿದಲ್ಲಿ ತಿದ್ದಿದಳು. ಹಳದಿ ದೀಪ ಬಂದಾಗೆಲ್ಲ ನಡುಮನೆಯಲ್ಲಿ ಸಭೆ. ಮಂದಾಕಿನಿಯ ನಗು ದಿನದಿಂದ ದಿನಕ್ಕೆ ಸಲೀಸಾಯಿತು. ರೊಟ್ಟಿಯೂ ಶುರುವಾಯಿತು.

ಪೊರೆ ತೆಗೆದ ದಿನ ನಾವು ನಾಲ್ವರೂ ಹೋಗಿದ್ದೆವು. ಡಾಕ್ಟರು ಸಾವಕಾಶ ಸುಲಿದು ತೆಗೆದು, ಕನ್ನಡಿ ಕೊಟ್ಟರು. ಮೊದಲಿದ್ದ ಕುಳಿಗಳಲ್ಲಿ ಬಹಳಷ್ಟು ಇರಲಿಲ್ಲ. ಇದ್ದವೂ ಇದ್ದವು. ಬಲಗೆನ್ನೆಯಲ್ಲಿ ಅಲ್ಲೊಂದು ಇಲ್ಲೊಂದು ಮಾಸಿದ ಗುರುತು. ಎಡಗೆನ್ನೆಯಲ್ಲಿ, ನಕ್ಕರೆ ಚರ್ಮ ಮಡಚಿಕೊಳ್ಳುವ ದಾರಿಯಲ್ಲಿ, ಕೆಲವು ತಿರುಗಿ ಕೂತಿದ್ದವು. ಮಂದಾಕಿನಿ ಅವುಗಳ ಮೇಲೆ ಬೆರಳಿಟ್ಟು ಬಹಳ ಹೊತ್ತು ನೋಡಿಕೊಂಡಳು. ಕಣ್ಣು ತುಂಬಿಕೊಂಡಿತು. ಇಲ್ಲ ಎಂದು ನಾನು ಹೇಳಿದರೆ ಸುಳ್ಳಾಗುತ್ತದೆ. ಆ ನುಣುಪು ಕೆನ್ನೆ ಅವಳು ಒಂದು ದಿನ ಕಂಡಿದ್ದಳು.

"ಇವಕ್ಕ ಬೇಕಂದ್ರ ಮುಂದ ಸೂಜಿ ಹಾಕಿ ಇನ್ನಷ್ಟ ತುಂಬಸಬಹುದು," ಎಂದರು ಡಾಕ್ಟರು.

"ಮುಂದ ನೋಡೂಣ್ರಿ," ಎಂದಳು. "ಈಗ ಕ್ಯಾಂಪ್ ಐತಿ."

ಹೊರಡುವಾಗ ಸ್ಯಾಮ್ಯುವೆಲ್ ಅಂಬುಜವ್ವನ ಹತ್ತಿರ ಬಂದು, ಹಳದಿ ಹೊತ್ತಿಗೆ ನಗಲೇಬೇಕು ಎಂದು ಈಗ ಎಲ್ಲರಿಗೂ ಹೇಳುತ್ತಿದ್ದೇವೆ, ವಾರಕ್ಕೊಮ್ಮೆ ನೀವು ಬಂದು ಅವರೆಲ್ಲರ ಜೊತೆ ತೆರೆಯ ಮೇಲೆ ಮಾತಾಡುತ್ತೀರಾ ಎಂದು ಕೇಳಿದರು. "ವಿಜಾಪುರದವರು ಇರ್ತಾರೇನು?" ಎಂದಳು ಆಕೆ. ಇರುತ್ತಾರೆ ಎಂದ ಮೇಲೆ ಒಪ್ಪಿದಳು.

ಕ್ಯಾಂಪಿನ ಮೊದಲ ಆಟದ ಸಂಜೆ. ಬಣ್ಣದ ಕೋಣೆಯಲ್ಲಿ ನನ್ನ ಹಳೆಯ ಪೆಟ್ಟಿಗೆ ತೆರೆದು ಕೂತೆ. ಮಂದಾಕಿನಿ ಎದುರಿಗೆ ಕೂತು ಮುಖ ಮೇಲೆತ್ತಿದಳು. ಪಕ್ಕದ ಕುರ್ಚಿಯಲ್ಲಿ ಅಂಬುಜವ್ವ. ಹೊರಗೆ ದೊಡ್ಡ ತೆರೆಗೆ ದೀಪ ಕೊಟ್ಟು ನೋಡುತ್ತಿದ್ದರು. ನನ್ನ ಕೈ ರೂಢಿಯಂತೆ ಮೇಣದ ಡಬ್ಬಿಗೆ ಹೋಯಿತು.

"ಅದು ಬ್ಯಾಡ ಅಜ್ಜ," ಎಂದಳು. "ಬಣ್ಣ ಅಷ್ಟ ಹಚ್ಚು."

ಹಚ್ಚಿದೆ. ಗೌರಕ್ಕನ ದೊಡ್ಡ ಕುಂಕುಮ ಇಟ್ಟೆ. ಪುಡಿ ಹೊಡೆದು ಕುಂಚ ಕೆಳಗಿಟ್ಟೆ. ಆ ಹೊತ್ತಿಗೆ ಅಂಬುಜವ್ವ ಬಾಗಿ ಮೊಮ್ಮಗಳ ಕಿವಿಯಲ್ಲಿ ಏನೋ ಉಸುರಿ, ತಾನು ಕಲ್ಲಿನ ಹಾಗೆ ನೆಟ್ಟಗೆ ಕೂತಳು. ಮಂದಾಕಿನಿ ನನ್ನ ಕಡೆ ನೋಡಿದಳು. ಆ ಒಂದು ಮಾತು ನನ್ನ ಬಾಯಿಂದ ಬರಲಿ ಎಂದು ಇಬ್ಬರೂ ಕಾಯುತ್ತಿದ್ದರು.

ನಾನು ಹೇಳಲಿಲ್ಲ.

ಎರಡು ಕೈಯನ್ನೂ ಮಡಿಲಲ್ಲಿ ಇಟ್ಟುಕೊಂಡೇ ಅವಳು ನಕ್ಕಳು. ಎಡಗೆನ್ನೆಯ ಬಣ್ಣ ಬಿರುಕು ಬಿಟ್ಟಿತು. ನಾನು ಕುಂಚ ತೆಗೆದುಕೊಂಡು ಮತ್ತೆ ಮೊದಲಿನಿಂದ ಹಚ್ಚಿದೆ.